ಬಡ್ತಿ ಮೀಸಲಾತಿ ಮತ್ತು ಜ್ಯೇಷ್ಠತಾ ಪಟ್ಟಿ: ವಿವಾದ ಏನು, ಕೋರ್ಟ್ ಏನು ಹೇಳಿದೆ, ನೌಕರರು ಏನು ಮಾಡಬೇಕು? ಪೂರ್ತಿ ಮಾಹಿತಿ ಇಲ್ಲಿದೆ

ಜೋಗ: ಸರ್ಕಾರಿ ಕೆಲಸ ಸಿಗುವುದು ಒಂದು ಪಟ್ಟಿಯಿಂದ, ಬಡ್ತಿ ಸಿಗುವುದು ಇನ್ನೊಂದು ಪಟ್ಟಿಯಿಂದ. ಮೊದಲನೆಯದು ಆಯ್ಕೆ ಪಟ್ಟಿ. ಅದು ಬಂದ ದಿನ ಊರಿಗೆಲ್ಲ ಸುದ್ದಿ ಆಗುತ್ತೆ. ಎರಡನೆಯದು ಜ್ಯೇಷ್ಠತಾ ಪಟ್ಟಿ, ಅಂದರೆ ಸೇವಾ ಹಿರಿತನದ ಪಟ್ಟಿ. ಅದು ಸುತ್ತೋಲೆಯ ಜೊತೆ ಕಚೇರಿಗೆ ಬರುತ್ತೆ, ಒಂದು ಸಹಿ ಹಾಕಿಸಿಕೊಂಡು ಫೈಲ್ ಸೇರುತ್ತೆ. ತಮ್ಮ ಹೆಸರು ಎಷ್ಟನೇ ಸಾಲಿನಲ್ಲಿದೆ ಅಂತ ಹುಡುಕುವಷ್ಟರಲ್ಲಿ ಆಕ್ಷೇಪಣೆಯ ದಿನ ಮುಗಿದಿರುತ್ತೆ.

ಈ ಎರಡನೇ ಪಟ್ಟಿಯ ಮೇಲೆ ಕರ್ನಾಟಕದಲ್ಲಿ ನಡೆದಷ್ಟು ಕಾನೂನು ಹೋರಾಟ ಬೇರೆ ರಾಜ್ಯಗಳಲ್ಲಿ ಕಡಿಮೆ. ಎರಡು ಕಾಯ್ದೆ ಬಂದವು. ಒಂದು ಬಿದ್ದುಹೋಯಿತು, ಇನ್ನೊಂದು ನಿಂತಿತು. ನಡುವೆ ಬಡ್ತಿ ಪಡೆದು ಕುರ್ಚಿಯಲ್ಲಿ ಕೂತಿದ್ದವರು ಕೆಳಗಿಳಿದರು, ಆಮೇಲೆ ಮತ್ತೆ ಮೇಲೆ ಬಂದರು. ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ತಾಲ್ಲೂಕುಗಳಲ್ಲಿ ಪ್ರತಿ ಇಲಾಖೆಯಲ್ಲೂ ಈ ವಿಷಯದ ಮಾತು ಇದ್ದೇ ಇರುತ್ತೆ. ಆದರೆ ಮಾತಾಡುವವರಲ್ಲಿ ಹೆಚ್ಚಿನವರಿಗೆ ಜಗಳ ಯಾವುದರ ಬಗ್ಗೆ ಅಂತಲೇ ಸರಿಯಾಗಿ ಗೊತ್ತಿರಲ್ಲ. ಹಾಗಾಗಿ ಮೊದಲಿನಿಂದ ನೋಡೋಣ.

ಮೊದಲು ಒಂದು ಗೊಂದಲ ಬಗೆಹರಿಯಲಿ

ನೇಮಕಾತಿ ಮೀಸಲಾತಿ ಬೇರೆ, ಬಡ್ತಿ ಮೀಸಲಾತಿ ಬೇರೆ.

ನೇರ ನೇಮಕಾತಿಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಲ್ಲರಿಗೂ ಪಾಲು ಇದೆ. 2022ರಲ್ಲಿ ಪರಿಶಿಷ್ಟ ಜಾತಿಯ ಪಾಲನ್ನು ಶೇ 15ರಿಂದ 17ಕ್ಕೆ, ಪರಿಶಿಷ್ಟ ಪಂಗಡದ ಪಾಲನ್ನು ಶೇ 3ರಿಂದ 7ಕ್ಕೆ ಏರಿಸಲಾಯಿತು. ಇದರ ಒಳಗೇ ಅಡ್ಡ ಮೀಸಲಾತಿ ಅಂತ ಇನ್ನೊಂದು ಲೆಕ್ಕ ಬರುತ್ತೆ. ಮಹಿಳೆಯರು, ಗ್ರಾಮೀಣ ಅಭ್ಯರ್ಥಿಗಳು, ಕನ್ನಡ ಮಾಧ್ಯಮದಲ್ಲಿ ಓದಿದವರು, ಮಾಜಿ ಸೈನಿಕರು, ಅಂಗವಿಕಲರು, ಯೋಜನೆಗಳಿಂದ ನಿರಾಶ್ರಿತರಾದವರು ಇದರಲ್ಲಿ ಬರುತ್ತಾರೆ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಕುಟುಂಬಗಳು ಕೇಳುವುದು ಈ ಕೊನೆಯದನ್ನು.

ಬಡ್ತಿಯಲ್ಲಿ ಹಾಗಲ್ಲ. ಅಲ್ಲಿ ಜಾತಿ ಆಧಾರದ ಮೀಸಲಾತಿ ಇರುವುದು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಕ್ಕೆ ಮಾತ್ರ. 2ಎ ಅಥವಾ 3ಎ ಸರ್ಟಿಫಿಕೇಟ್ ಇಟ್ಟುಕೊಂಡು ಕೆಲಸಕ್ಕೆ ಸೇರಿದವರು ಬಡ್ತಿಯ ಲೆಕ್ಕದಲ್ಲಿ ಸಾಮಾನ್ಯ ವರ್ಗದವರ ಜೊತೆಗೇ ಸಾಲಿನಲ್ಲಿ ನಿಲ್ಲುತ್ತಾರೆ. ಸಾಗರ, ಹೊಸನಗರ ಭಾಗದ ಈಡಿಗ, ದೀವರ ನೌಕರರಿಗೂ ಇದೇ ಅನ್ವಯ. ಹಾಗಾಗಿ ಈ ವಿವಾದವನ್ನು ಬರೀ ಮೇಲ್ಜಾತಿ ಮತ್ತು ಪರಿಶಿಷ್ಟರ ನಡುವಿನದು ಅಂದುಕೊಂಡರೆ ಲೆಕ್ಕ ತಪ್ಪುತ್ತೆ.

ಅಂಗವಿಕಲರಿಗೆ ಬಡ್ತಿಯಲ್ಲೂ ಮೀಸಲಾತಿ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2020ರ ಜನವರಿ 14ರಂದು ಖಚಿತ ಮಾಡಿತು. ಅದೂ ಕರ್ನಾಟಕದ್ದೇ ಪ್ರಕರಣ: ಸಿದ್ದರಾಜು ಮತ್ತು ಕರ್ನಾಟಕ ಸರ್ಕಾರ.

ರೋಸ್ಟರ್ ಅಂದ್ರೆ ಏನು?

ಕರ್ನಾಟಕದಲ್ಲಿ ಬಡ್ತಿ ಮೀಸಲಾತಿಗೆ ಮೂಲ 1978ರ ಏಪ್ರಿಲ್ 27ರ ಸರ್ಕಾರಿ ಆದೇಶ. ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 3 ಅಂತ ಅದರಲ್ಲಿ ಗೊತ್ತು ಮಾಡಲಾಯಿತು. ಇದನ್ನು ಲೆಕ್ಕಕ್ಕೆ ತರಲು 33 ಬಿಂದುಗಳ ರೋಸ್ಟರ್ ಮಾಡಿದರು. ರೋಸ್ಟರ್ ಅಂದರೆ ಸರದಿ ಪಟ್ಟಿ. ಒಂದು ವೃಂದದಲ್ಲಿ ಬಡ್ತಿಗೆ ಖಾಲಿಯಾಗುವ ಹುದ್ದೆಗಳಿಗೆ 1, 2, 3 ಅಂತ ಸಂಖ್ಯೆ ಹಾಕಿಕೊಂಡು ಹೋಗುವುದು, ಯಾವ ಸಂಖ್ಯೆ ಯಾವ ವರ್ಗಕ್ಕೆ ಅಂತ ಮೊದಲೇ ಗೊತ್ತು ಮಾಡಿಡುವುದು. 33ರಲ್ಲಿ ಶೇ 15 ಅಂದರೆ ಹತ್ತಿರ ಹತ್ತಿರ 5, ಶೇ 3 ಅಂದರೆ 1.

ರೋಸ್ಟರ್ ಬಿಂದು ಪರಿಶಿಷ್ಟರಿಗೆ ಬಂದಾಗ, ಕೆಳಗಿನ ವೃಂದದಲ್ಲಿ ಇರುವ ಪರಿಶಿಷ್ಟ ನೌಕರರ ಪೈಕಿ ಹಿರಿಯರಾದವರಿಗೆ ಬಡ್ತಿ ಸಿಗುತ್ತೆ. ಅವರಿಗಿಂತ ಮೇಲಿನ ಸಾಲಿನಲ್ಲಿ ಸಾಮಾನ್ಯ ವರ್ಗದವರು ಎಷ್ಟೇ ಜನ ಇದ್ದರೂ ಆ ಹುದ್ದೆ ಅವರಿಗೆ ಬರಲ್ಲ.

ಇಲ್ಲೊಂದು ಮಿತಿ ಇದೆ. ಈ ಮೀಸಲಾತಿ ಗ್ರೂಪ್ 'ಎ'ಯ ಅತಿ ಕೆಳಗಿನ ಹುದ್ದೆಯವರೆಗೆ ಮಾತ್ರ. ಎಂಜಿನಿಯರಿಂಗ್ ಇಲಾಖೆಗಳಲ್ಲಿ ಅಂದರೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಅಂದರೆ ಎಇಇ ಹುದ್ದೆಯವರೆಗೆ. ಅದರ ಮೇಲಿನ ಕಾರ್ಯಪಾಲಕ ಎಂಜಿನಿಯರ್, ಅಧೀಕ್ಷಕ ಎಂಜಿನಿಯರ್, ಮುಖ್ಯ ಎಂಜಿನಿಯರ್ ಹುದ್ದೆಗಳಿಗೆ ರೋಸ್ಟರ್ ಇಲ್ಲ.

ರೋಸ್ಟರ್ ಇಲ್ಲದ ಕಡೆ ಬಡ್ತಿ ನಿರ್ಧಾರ ಆಗುವಾಗ ಜ್ಯೇಷ್ಠತೆಯೇ ಮುಖ್ಯ. ಜಗಳ ಹುಟ್ಟುವುದು ಸರಿಯಾಗಿ ಈ ಜಾಗದಲ್ಲೇ.

ಒಂದು ಲೆಕ್ಕ ನೋಡಿ

ತಿಳಿಯಲಿ ಅಂತ ಒಂದು ಕಾಲ್ಪನಿಕ ಉದಾಹರಣೆ. ಒಂದು ಇಲಾಖೆಯಲ್ಲಿ ಇಬ್ಬರು ಸಹಾಯಕ ಎಂಜಿನಿಯರ್‌ಗಳಿದ್ದಾರೆ ಅಂದುಕೊಳ್ಳಿ. ಸಾಮಾನ್ಯ ವರ್ಗದವರು ಜ್ಯೇಷ್ಠತಾ ಪಟ್ಟಿಯಲ್ಲಿ 10ನೆಯವರು. ಪರಿಶಿಷ್ಟ ಜಾತಿಯವರು 60ನೆಯವರು.

2000ನೇ ಇಸವಿಯಲ್ಲಿ ರೋಸ್ಟರ್ ಬಿಂದು ಬಂದು 60ನೆಯವರು ಎಇಇ ಆದರು. 10ನೆಯವರ ಸರದಿ ಬಂದದ್ದು 2004ರಲ್ಲಿ. ಈಗ ಇಬ್ಬರೂ ಎಇಇಗಳೇ. 2008ರಲ್ಲಿ ಕಾರ್ಯಪಾಲಕ ಎಂಜಿನಿಯರ್ ಹುದ್ದೆ ಒಂದೇ ಒಂದು ಖಾಲಿ ಆಯ್ತು. ಯಾರಿಗೆ?

ಇದಕ್ಕೆ ಎರಡು ಉತ್ತರ ಇವೆ.

ಮೊದಲನೇ ಉತ್ತರ: 10ನೆಯವರಿಗೆ. ಅವರು ಕೆಳಗಿನ ಹುದ್ದೆಯಲ್ಲಿ ಹಿರಿಯರಾಗಿದ್ದರು. ತಡವಾಗಿ ಬಂದರೂ ಎಇಇ ಆದ ಕೂಡಲೇ ಅವರ ಹಳೇ ಹಿರಿತನ ವಾಪಸ್ ಬರಬೇಕು. ಇದನ್ನು 'ಕ್ಯಾಚ್ ಅಪ್' ನಿಯಮ ಅಂತಾರೆ.

ಎರಡನೇ ಉತ್ತರ: 60ನೆಯವರಿಗೆ. ಅವರು ಎಇಇ ಆಗಿ 4 ವರ್ಷ ಮೊದಲೇ ಕೆಲಸ ಮಾಡಿದ್ದಾರೆ. ಬಡ್ತಿ ಕಾನೂನುಬದ್ಧ ಅಂದಮೇಲೆ ಆ ಬಡ್ತಿಯ ದಿನದಿಂದ ಬರುವ ಹಿರಿತನವೂ ಕಾನೂನುಬದ್ಧವೇ. ಇದಕ್ಕೆ ತತ್ಪರಿಣಾಮ ಜ್ಯೇಷ್ಠತೆ ಅಂತ ಹೆಸರು.

ಕಳೆದ ಮೂವತ್ತು ವರ್ಷದ ಹೋರಾಟ ಈ ಎರಡು ಉತ್ತರಗಳ ನಡುವಿನದು. ರೋಸ್ಟರ್ ಎಇಇ ಮೆಟ್ಟಿಲಿಗೆ ನಿಂತರೂ, ಅದರಿಂದ ಬಂದ ಹಿರಿತನ ಮೇಲಿನ ಮೆಟ್ಟಿಲುಗಳಿಗೂ ಕರೆದುಕೊಂಡು ಹೋಗುತ್ತೋ ಇಲ್ಲವೋ ಅನ್ನುವುದೇ ಪ್ರಶ್ನೆ.

ಇತಿಹಾಸ: ಮೈಸೂರಿನಿಂದ ದಿಲ್ಲಿಗೆ

ಈ ಚರ್ಚೆ ನಮ್ಮ ಸೀಮೆಗೆ ಹೊಸದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಎಲ್ಲ ಹಳೇ ಮೈಸೂರು ಸಂಸ್ಥಾನದಲ್ಲಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ, ಸರ್ಕಾರಿ ಕೆಲಸದಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಸಿಗಬೇಕು ಅಂತ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಮರುವರ್ಷ ವರದಿ ಬಂತು.

ಸ್ವಾತಂತ್ರ್ಯದ ನಂತರ ಮೀಸಲಾತಿ ಶೇ 50 ಮೀರಬಾರದು ಅನ್ನುವ ಮಾತು ಸುಪ್ರೀಂ ಕೋರ್ಟಿನಲ್ಲಿ ಮೊದಲು ಬಂದದ್ದೂ ನಮ್ಮದೇ ರಾಜ್ಯದ ಪ್ರಕರಣದಲ್ಲಿ. 1962ರ ಎಂ.ಆರ್. ಬಾಲಾಜಿ ಮತ್ತು ಮೈಸೂರು ರಾಜ್ಯ ಪ್ರಕರಣ ಅದು. ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಶೇ 68ರಷ್ಟು ಮೀಸಲಿಟ್ಟಿದ್ದನ್ನು ಕೋರ್ಟ್ ರದ್ದು ಮಾಡಿತು.

ಆಮೇಲಿನ ಮುಖ್ಯ ಘಟ್ಟಗಳು ಹೀಗಿವೆ:

1992, ನವೆಂಬರ್ 16: ಮಂಡಲ್ ತೀರ್ಪು ಎಂದೇ ಹೆಸರಾದ ಇಂದ್ರಾ ಸಾಹ್ನಿ ಪ್ರಕರಣ. ಮೀಸಲಾತಿ ನೇಮಕಾತಿಗೆ ಸರಿ, ಬಡ್ತಿಗೆ ಇಲ್ಲ ಎಂದಿತು. ಆಗಲೇ ಜಾರಿಯಲ್ಲಿದ್ದ ಬಡ್ತಿ ಮೀಸಲಾತಿ ಇನ್ನೂ 5 ವರ್ಷ ಮುಂದುವರಿಯಲು ಅವಕಾಶ ಕೊಟ್ಟಿತು.

1995: ಸಂವಿಧಾನದ 77ನೇ ತಿದ್ದುಪಡಿ. ವಿಧಿ 16(4ಎ) ಸೇರಿತು. ಪರಿಶಿಷ್ಟರಿಗೆ ಬಡ್ತಿಯಲ್ಲೂ ಮೀಸಲಾತಿ ಕೊಡಬಹುದು ಎಂದಾಯಿತು. ಅದು ಜಾರಿಗೆ ಬಂದ ದಿನ ಜೂನ್ 17. ಈ ತಾರೀಖು ಮುಂದೆ ಮತ್ತೆ ಬರುತ್ತೆ, ನೆನಪಿರಲಿ.

1995ರಿಂದ 1999: ವೀರಪಾಲ್ ಸಿಂಗ್ ಚೌಹಾಣ್ ಮತ್ತು ಅಜಿತ್ ಸಿಂಗ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಕ್ಯಾಚ್ ಅಪ್ ನಿಯಮದ ಪರ ನಿಂತಿತು. 2000ದ ಡಿಸೆಂಬರ್ 1ರಂದು ಬಾದಪ್ಪನವರ್ ಪ್ರಕರಣದಲ್ಲಿ ಇದೇ ನಿಯಮವನ್ನು ಕರ್ನಾಟಕಕ್ಕೂ ಅನ್ವಯಿಸಿತು.

2002, ಜನವರಿ: 85ನೇ ತಿದ್ದುಪಡಿ. ಬಡ್ತಿಯ ಜೊತೆ 'ತತ್ಪರಿಣಾಮ ಜ್ಯೇಷ್ಠತೆ' ಅನ್ನುವ ಮಾತನ್ನೂ 16(4ಎ)ಗೆ ಸೇರಿಸಿದರು. ಹಿಂದಿನ ದಿನಾಂಕದಿಂದ, ಅಂದರೆ 1995ರ ಜೂನ್ 17ರಿಂದಲೇ ಜಾರಿ. ಕೋರ್ಟಿನ ಕ್ಯಾಚ್ ಅಪ್ ನಿಯಮವನ್ನು ಸಂಸತ್ತು ಹೀಗೆ ದಾಟಿತು. ಅದೇ ವರ್ಷ ಕರ್ನಾಟಕವೂ ತನ್ನದೇ ಜ್ಯೇಷ್ಠತಾ ಕಾಯ್ದೆ ಮಾಡಿತು.

2006, ಅಕ್ಟೋಬರ್ 19: ಎಂ. ನಾಗರಾಜ್ ಪ್ರಕರಣ. ಐವರು ನ್ಯಾಯಮೂರ್ತಿಗಳ ಪೀಠ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಆದರೆ ಷರತ್ತು ಹಾಕಿತು. ರಾಜ್ಯ ಸರ್ಕಾರ ಬಡ್ತಿ ಮೀಸಲಾತಿ ಕೊಡುವ ಮೊದಲು ಅಂಕಿ ಅಂಶ ತೋರಿಸಬೇಕು: ಹಿಂದುಳಿದಿರುವಿಕೆ, ಸಾಕಷ್ಟು ಪ್ರಾತಿನಿಧ್ಯ ಇಲ್ಲದಿರುವುದು, ಆಡಳಿತದ ದಕ್ಷತೆಗೆ ಧಕ್ಕೆ ಇಲ್ಲದಿರುವುದು.

ಕರ್ನಾಟಕ ಎಡವಿದ್ದು ಈ ಅಂಕಿ ಅಂಶದ ವಿಷಯದಲ್ಲಿ.

ಪವಿತ್ರಾ ಪ್ರಕರಣ: ಮೊದಲ ಸುತ್ತು

2002ರ ಕಾಯ್ದೆಯ ವಿರುದ್ಧ ಸಾಮಾನ್ಯ ವರ್ಗದ ನೌಕರರು ಕೋರ್ಟಿಗೆ ಹೋದರು. ಹೈಕೋರ್ಟ್ ಕಾಯ್ದೆಯನ್ನು ಒಪ್ಪಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಬಿ.ಕೆ. ಪವಿತ್ರಾ ಮತ್ತು ಭಾರತ ಸರ್ಕಾರ ಅನ್ನುವ ಹೆಸರಿನಲ್ಲಿ ಅದು ದೇಶದ ಕಾನೂನು ಪುಸ್ತಕಗಳಿಗೆ ಸೇರಿತು.

ಅರ್ಜಿದಾರರ ವಾದ ಹೀಗಿತ್ತು: ಬಡ್ತಿಯಲ್ಲೂ ಮೀಸಲಾತಿ, ಮೇಲಿಂದ ಹಿರಿತನವೂ ಸಿಕ್ಕರೆ ರೋಸ್ಟರ್ ಇಲ್ಲದ ಮೇಲಿನ ಹುದ್ದೆಗಳು ನಿಗದಿತ ಪಾಲಿಗಿಂತ ಹೆಚ್ಚಾಗಿ ಒಂದೇ ಕಡೆ ಹೋಗುತ್ತವೆ. ವರ್ಷಗಟ್ಟಲೆ ಮೊದಲು ಸೇರಿದವರು ಕೆಳಗೇ ನಿವೃತ್ತಿ ಆಗುತ್ತಾರೆ.

2017ರ ಫೆಬ್ರುವರಿ 9ರಂದು ನ್ಯಾಯಮೂರ್ತಿಗಳಾದ ಎ.ಕೆ. ಗೋಯಲ್ ಮತ್ತು ಯು.ಯು. ಲಲಿತ್ ಅವರ ಪೀಠ ತೀರ್ಪು ಕೊಟ್ಟಿತು. ನಾಗರಾಜ್ ಪ್ರಕರಣದಲ್ಲಿ ಹೇಳಿದ ಅಂಕಿ ಅಂಶವನ್ನು ಸರ್ಕಾರ ಸಂಗ್ರಹಿಸಿಯೇ ಇಲ್ಲ, ಹಾಗಾಗಿ ತತ್ಪರಿಣಾಮ ಜ್ಯೇಷ್ಠತೆ ಕೊಡುವ ಕಲಂ 3 ಮತ್ತು 4 ಸಂವಿಧಾನಬಾಹಿರ ಎಂದಿತು. 3 ತಿಂಗಳಲ್ಲಿ ಜ್ಯೇಷ್ಠತಾ ಪಟ್ಟಿಗಳನ್ನು ಪರಿಷ್ಕರಿಸಿ, ಅದರ ಮುಂದಿನ 3 ತಿಂಗಳಲ್ಲಿ ಉಳಿದ ಕ್ರಮ ತೆಗೆದುಕೊಳ್ಳಿ ಎಂದು ಆದೇಶಿಸಿತು. ಆಗಲೇ ನಿವೃತ್ತರಾದವರಿಗೆ ಸಿಕ್ಕಿದ್ದ ಬಡ್ತಿಗೆ ಮಾತ್ರ ತೊಂದರೆ ಆಗಲ್ಲ ಎಂದಿತು.

ಕಾಗದದ ಮೇಲೆ ಇದು ಒಂದು ಪಟ್ಟಿಯ ಪರಿಷ್ಕರಣೆ. ಕಚೇರಿಯಲ್ಲಿ ಇದರ ಅರ್ಥ ಬೇರೆ. ನಿನ್ನೆಯವರೆಗೆ ಸಹಿ ಹಾಕುತ್ತಿದ್ದ ಅಧಿಕಾರಿ ಇವತ್ತು ಹಿಂಬಡ್ತಿ ಆದೇಶ ಹಿಡಿದು, ತಮ್ಮ ಕೈಕೆಳಗೆ ಇದ್ದವರ ಜೊತೆ ಕೂರಬೇಕು. ಇನ್ನೊಂದು ಕಡೆ, 15-20 ವರ್ಷ ಕಾದವರಿಗೆ ನಿವೃತ್ತಿಗೆ ಒಂದೆರಡು ವರ್ಷ ಇರುವಾಗ ಬಡ್ತಿಯ ಆಸೆ ಬಂತು. ಎರಡೂ ಮನೆಗಳಲ್ಲಿ ಇದು ಸಣ್ಣ ವಿಷಯ ಆಗಿರಲಿಲ್ಲ. ಸಂಬಳ, ಪಿಂಚಣಿ ಲೆಕ್ಕ ಒಂದು ಕಡೆ, ಊರಲ್ಲಿ ಮರ್ಯಾದೆಯ ಪ್ರಶ್ನೆ ಇನ್ನೊಂದು ಕಡೆ.

ಎರಡನೇ ಸುತ್ತು: ರತ್ನಪ್ರಭಾ ಸಮಿತಿ ಮತ್ತು ಹೊಸ ಕಾಯ್ದೆ

ತೀರ್ಪು ಬಂದ ಒಂದೂವರೆ ತಿಂಗಳಲ್ಲೇ, 2017ರ ಮಾರ್ಚ್ 22ರಂದು, ಸಿದ್ದರಾಮಯ್ಯ ನೇತೃತ್ವದ ಸರ್ಕಾರ ಹಿರಿಯ ಐಎಎಸ್ ಅಧಿಕಾರಿ ಕೆ. ರತ್ನಪ್ರಭಾ ಅವರಿಗೆ ಅಂಕಿ ಅಂಶ ಸಂಗ್ರಹಿಸುವ ಕೆಲಸ ವಹಿಸಿತು. ಕೋರ್ಟ್ ಕೇಳಿದ್ದ ಮೂರೂ ವಿಷಯದ ಬಗ್ಗೆ ವರದಿ ಮೇ 5ಕ್ಕೆ ಸಿದ್ಧವಾಯಿತು.

ಆ ವರದಿಯ ಆಧಾರದ ಮೇಲೆ ಹೊಸ ಮಸೂದೆ ಬಂತು. ನವೆಂಬರ್ 17ರಂದು ವಿಧಾನಸಭೆ, 23ರಂದು ವಿಧಾನ ಪರಿಷತ್ತು ಒಪ್ಪಿದವು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಳಿಸಿದರು. 2018ರ ಜೂನ್ 14ರಂದು ರಾಷ್ಟ್ರಪತಿ ಅಂಕಿತ ಸಿಕ್ಕಿತು, ಜೂನ್ 23ರಂದು ರಾಜ್ಯಪತ್ರದಲ್ಲಿ ಪ್ರಕಟವಾಯಿತು.

ಈ ಕಾಯ್ದೆಯಲ್ಲಿ ಎರಡು ಮುಖ್ಯ ಅಂಶ ಇವೆ. ಒಂದು, 1995ರ ಜೂನ್ 17ರಿಂದಲೇ ಜಾರಿಗೆ ಬಂದಿದೆ ಎಂದು ಭಾವಿಸಬೇಕು. ಎರಡು, 1978ರ ಏಪ್ರಿಲ್ 27ರಿಂದ ಆಗಲೇ ಕೊಟ್ಟಿರುವ ತತ್ಪರಿಣಾಮ ಜ್ಯೇಷ್ಠತೆಗೆ ರಕ್ಷಣೆ ಇದೆ.

ಇದೂ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟ್ ರದ್ದು ಮಾಡಿದ್ದನ್ನೇ ಸರ್ಕಾರ ಹೆಸರು ಬದಲಿಸಿ ತಂದಿದೆ ಎಂದು ವಾದಿಸಲಾಯಿತು. 2019ರ ಮೇ 10ರಂದು ನ್ಯಾಯಮೂರ್ತಿಗಳಾದ ಯು.ಯು. ಲಲಿತ್ ಮತ್ತು ಡಿ.ವೈ. ಚಂದ್ರಚೂಡ್ ಅವರ ಪೀಠ ಹೊಸ ಕಾಯ್ದೆಯನ್ನು ಎತ್ತಿಹಿಡಿಯಿತು. ಹಿಂದಿನ ಕಾಯ್ದೆಯಲ್ಲಿದ್ದ ಕೊರತೆ ಅಂಕಿ ಅಂಶ, ಅದನ್ನು ಈಗ ಸರಿಪಡಿಸಲಾಗಿದೆ ಎಂದಿತು. ಬಡ್ತಿ ಸಿಕ್ಕಮೇಲೆ ಹಿರಿತನ ಅದರ ಸಹಜ ಪರಿಣಾಮ, ಪ್ರತ್ಯೇಕ ಸವಲತ್ತಲ್ಲ ಎಂದಿತು. ಪರೀಕ್ಷೆಯ ಅಂಕವೊಂದನ್ನೇ ದಕ್ಷತೆ ಅನ್ನಲಾಗದು, ಸಮಾಜದ ಎಲ್ಲ ಭಾಗದವರೂ ಇರುವ ಆಡಳಿತವೇ ದಕ್ಷ ಆಡಳಿತ ಅನ್ನುವ ಅರ್ಥದ ಮಾತನ್ನೂ ಹೇಳಿತು.

ಅಂದರೆ ಮೇಲಿನ ಉದಾಹರಣೆಗೆ ಈ ತೀರ್ಪಿನ ಪ್ರಕಾರ ಉತ್ತರ: 60ನೆಯವರು.

2022ರಲ್ಲಿ ಹೊಸ ತಿರುವು

ಅಷ್ಟಕ್ಕೇ ಮುಗಿಯಲಿಲ್ಲ. ಇದರ ನಡುವೆ, 2018ರ ಸೆಪ್ಟೆಂಬರ್ 26ರಂದು, ಜರ್ನೈಲ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ನಾಗರಾಜ್ ತೀರ್ಪಿನ ಒಂದು ಷರತ್ತನ್ನು ತೆಗೆದಿತ್ತು. ಪರಿಶಿಷ್ಟರು ಹಿಂದುಳಿದಿದ್ದಾರೆ ಅಂತ ಮತ್ತೆ ಅಂಕಿ ಅಂಶ ತೋರಿಸಬೇಕಿಲ್ಲ ಎಂದಿತ್ತು. ಪ್ರಾತಿನಿಧ್ಯದ ಅಂಕಿ ಅಂಶ ಮಾತ್ರ ಬೇಕೇ ಬೇಕು.

ಅದೇ ಪ್ರಕರಣದ ಮುಂದುವರಿದ ಭಾಗದಲ್ಲಿ, 2022ರ ಜನವರಿ 28ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಒಂದು ಮಾತು ಸ್ಪಷ್ಟಪಡಿಸಿತು. ಪ್ರಾತಿನಿಧ್ಯದ ಲೆಕ್ಕ ವೃಂದವಾರು ಇರಬೇಕು. ಇಡೀ ಗ್ರೂಪ್ 'ಎ', ಗ್ರೂಪ್ 'ಬಿ' ಅಂತ ಒಟ್ಟಾಗಿ ಲೆಕ್ಕ ಹಾಕಿದರೆ ಸಾಲದು. ಗ್ರೂಪ್‌ವಾರು ಲೆಕ್ಕವನ್ನು ಒಪ್ಪಿದ್ದ 2019ರ ಪವಿತ್ರಾ ತೀರ್ಪಿನ ಆ ಭಾಗ ಸರಿಯಲ್ಲ ಎಂದೂ ಹೇಳಿತು.

ಇದರ ವ್ಯತ್ಯಾಸ ಹೀಗೆ ನೋಡಿ. ಒಂದು ಇಲಾಖೆಯ ಗ್ರೂಪ್ 'ಸಿ'ಯಲ್ಲಿ ಪ್ರಥಮ ದರ್ಜೆ ಸಹಾಯಕರು, ದ್ವಿತೀಯ ದರ್ಜೆ ಸಹಾಯಕರು, ಚಾಲಕರು ಎಲ್ಲ ಇರುತ್ತಾರೆ. ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಪ್ರಾತಿನಿಧ್ಯ ಸಾಕಷ್ಟಿದೆ ಅಂತ ಕಾಣಬಹುದು. ಪ್ರಥಮ ದರ್ಜೆ ಸಹಾಯಕರ ವೃಂದ ಒಂದನ್ನೇ ತೆಗೆದರೆ ಇಲ್ಲದಿರಬಹುದು. ಉಲ್ಟಾ ಕೂಡ ಆಗಬಹುದು. ಹಾಗಾಗಿ ಈ ತೀರ್ಪು ಒಂದೇ ಕಡೆಯವರಿಗೆ ಅನುಕೂಲ ಅಂತ ಹೇಳಲು ಬರಲ್ಲ. ವೃಂದದ ಲೆಕ್ಕ ಸರಿ ಇಟ್ಟ ಇಲಾಖೆಗೆ ತೊಂದರೆ ಇಲ್ಲ, ಇಡದ ಇಲಾಖೆಯ ಬಡ್ತಿ ಪಟ್ಟಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಸಾರ್ವಜನಿಕರಿಗೆ ಇದರಿಂದ ಏನು?

ಜ್ಯೇಷ್ಠತಾ ಪಟ್ಟಿಗೆ ತಡೆಯಾಜ್ಞೆ ಬಂದರೆ ಬಡ್ತಿ ನಿಲ್ಲುತ್ತೆ. ಬಡ್ತಿ ನಿಂತರೆ ಮೇಲಿನ ಹುದ್ದೆ ಖಾಲಿ ಉಳಿಯುತ್ತೆ. ಆಗ ಪ್ರಭಾರ ವ್ಯವಸ್ಥೆ ಶುರು. ಕರ್ನಾಟಕ ಸೇವಾ ನಿಯಮಾವಳಿಯ ನಿಯಮ 32ರ ಅಡಿ ಕೆಳಗಿನ ಅಧಿಕಾರಿಗೆ ಮೇಲಿನ ಹುದ್ದೆಯ ಪ್ರಭಾರ ಕೊಡುತ್ತಾರೆ. ಒಬ್ಬರೇ ಎರಡು ಕುರ್ಚಿ ನೋಡಿಕೊಂಡರೆ 94ಸಿ, ಬಗರ್‌ಹುಕುಂ ಅರ್ಜಿಗಳು, ರಸ್ತೆ ಕಾಮಗಾರಿಯ ಬಿಲ್ಲು, ಶಾಲೆಯ ಮಂಜೂರಾತಿ ಎಲ್ಲ ತಡ ಆಗುತ್ತೆ. ಮಳೆಗಾಲದಲ್ಲಿ ಹೊಳೆ ದಾಟಿ ತಾಲ್ಲೂಕು ಕಚೇರಿಗೆ ಬಂದವರಿಗೆ "ಸಾಹೇಬ್ರು ಇವತ್ತು ಆ ಕಡೆ ಕಚೇರೀಲಿದಾರೆ" ಅನ್ನೋ ಉತ್ತರ ಸಿಗೋದು ಇದಕ್ಕೂ ಸೇರಿದ ಕಾರಣದಿಂದ.

ಪ್ರಭಾರದಲ್ಲಿ ಎಷ್ಟು ವರ್ಷ ಇದ್ದರೂ ಅದು ಜ್ಯೇಷ್ಠತೆಗೆ ಸೇರಲ್ಲ ಅನ್ನುವುದನ್ನು ನೌಕರರೂ ನೆನಪಿಡಬೇಕು.

ಜೋಗ, ಕಾರ್ಗಲ್ ನೌಕರರಿಗೆ ಒಂದು ಮಾತು

ಎಲ್ಲ ನೌಕರರಿಗೂ ಒಂದೇ ದಾರಿ ಇಲ್ಲ. ಕಂದಾಯ, ಶಿಕ್ಷಣ, ಲೋಕೋಪಯೋಗಿ, ಅರಣ್ಯದಂಥ ಇಲಾಖೆಯವರು ರಾಜ್ಯ ಸಿವಿಲ್ ಸೇವೆಗೆ ಸೇರಿದವರು. ಅವರ ಸೇವಾ ವಿವಾದ ಮೊದಲು ಹೋಗಬೇಕಾದದ್ದು ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ. 1986ರಲ್ಲಿ ಶುರುವಾದ ಈ ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಶಿವಮೊಗ್ಗ ಜಿಲ್ಲೆಯವರು ಹೋಗಬೇಕು. ಅಲ್ಲಿ ಸೋತರೆ ಹೈಕೋರ್ಟ್.

ಜೋಗ, ಕಾರ್ಗಲ್‌ನ ಕೆಪಿಸಿ ನೌಕರರು ಮತ್ತು ಮೆಸ್ಕಾಂ ನೌಕರರು ಸರ್ಕಾರಿ ಕಂಪನಿಯ ನೌಕರರು. ಅವರಿಗೆ ಅವರದೇ ನೇಮಕಾತಿ, ಬಡ್ತಿ ನಿಯಮಗಳಿವೆ. ಅವರು ಸಾಮಾನ್ಯವಾಗಿ ನೇರ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತಾರೆ. ತಪ್ಪು ಜಾಗದಲ್ಲಿ ಅರ್ಜಿ ಹಾಕಿದರೆ ವರ್ಷಗಳೇ ಹಾಳಾಗುತ್ತವೆ.

ನೌಕರರು ಗಮನಿಸಬೇಕಾದದ್ದು

1. ಕರಡು ಪಟ್ಟಿ ಬಂದ ದಿನವೇ ನೋಡಿ. ಇಲಾಖೆ ಮೊದಲು ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿ ಹೊರಡಿಸಿ ಆಕ್ಷೇಪಣೆಗೆ ದಿನ ಕೊಡುತ್ತೆ. ಎಷ್ಟು ದಿನ ಅಂತ ಅದೇ ಸುತ್ತೋಲೆಯಲ್ಲಿ ಇರುತ್ತೆ. ಆಮೇಲೆ ಅಂತಿಮ ಪಟ್ಟಿ.

2. ನಿಮ್ಮ ಸೇವಾ ಪುಸ್ತಕದ ಜೊತೆ ಹೋಲಿಸಿ. ಹುಟ್ಟಿದ ದಿನಾಂಕ, ಸೇವೆಗೆ ಸೇರಿದ ದಿನಾಂಕ, ಬಡ್ತಿಯ ದಿನಾಂಕ, ನೇಮಕಗೊಂಡ ವರ್ಗ, ಬಡ್ತಿ ಪಡೆದ ರೋಸ್ಟರ್ ಬಿಂದು ಎಲ್ಲ ಒಂದೇ ಆಗಿದೆಯಾ ನೋಡಿ. ಟೈಪಿಂಗ್ ತಪ್ಪಿನಿಂದಲೂ ಹಿರಿತನ ಹೋಗಬಹುದು.

3. ಒಂದೇ ಆಯ್ಕೆ ಪಟ್ಟಿಯಿಂದ ನೇರ ನೇಮಕ ಆದವರ ನಡುವೆ ಹಿರಿತನ ನಿರ್ಧಾರ ಆಗುವುದು ಆಯ್ಕೆ ಪಟ್ಟಿಯ ರ‍್ಯಾಂಕಿನಿಂದ. ಮೊದಲು ಡ್ಯೂಟಿಗೆ ಹಾಜರಾದವರೇ ಹಿರಿಯರು ಅನ್ನುವುದು ತಪ್ಪು ತಿಳಿವಳಿಕೆ. ಇದಕ್ಕೆ ಆಧಾರ 1957ರ ಸರ್ಕಾರಿ ನೌಕರರ ಜ್ಯೇಷ್ಠತಾ ನಿಯಮಗಳು.

4. ಸ್ವಂತ ಕೋರಿಕೆಯ ಮೇಲೆ ಬೇರೆ ಜ್ಯೇಷ್ಠತಾ ಘಟಕಕ್ಕೆ ವರ್ಗ ಆದರೆ, ಹೊಸ ಘಟಕದಲ್ಲಿ ಆ ವೃಂದದ ಕೊನೆಯವರ ಕೆಳಗೆ ಹೆಸರು ಸೇರುತ್ತೆ. ಗಂಡ-ಹೆಂಡತಿ ಒಂದೇ ಕಡೆ ಇರಬೇಕು ಅಂತಲೋ, ವಯಸ್ಸಾದ ತಂದೆ-ತಾಯಿ ನೋಡಿಕೊಳ್ಳಬೇಕು ಅಂತಲೋ ಊರ ಕಡೆ ವರ್ಗ ಕೇಳುವವರು ಇದನ್ನು ಮೊದಲೇ ತಿಳಿದಿರಬೇಕು.

5. ಆಕ್ಷೇಪಣೆ ಬರಹದಲ್ಲೇ ಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ಬೆಲೆ ಇಲ್ಲ. ಯಾವ ಕ್ರಮ ಸಂಖ್ಯೆಯವರಿಗಿಂತ ಮೇಲೆ ಬರಬೇಕು, ಯಾವ ಆದೇಶದ ಪ್ರಕಾರ ಅಂತ ಸ್ಪಷ್ಟವಾಗಿ ಬರೆಯಿರಿ.

6. ರೋಸ್ಟರ್ ವಹಿ ನೋಡಬೇಕಾದರೆ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹು­ದು. ಅರ್ಜಿ ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನದ ಗಡುವು ಇದೆ. ಯಾವ ಬಿಂದುವಿಗೆ ಯಾರಿಗೆ ಬಡ್ತಿ ಕೊಟ್ಟರು ಅನ್ನುವುದು ಈ ವಹಿಯಿಂದ ಗೊತ್ತಾಗುತ್ತೆ.

7. ಗಡುವು ಮರೆಯಬೇಡಿ. ಅಂತಿಮ ಆದೇಶ ಬಂದ 1 ವರ್ಷದೊಳಗೆ ಕೆಎಟಿಗೆ ಹೋಗಬೇಕು. ನಿಯಮದಂತೆ ಮೇಲಧಿಕಾರಿಗೆ ಮೇಲ್ಮನವಿ ಕೊಟ್ಟಿದ್ದು 6 ತಿಂಗಳಾದರೂ ಉತ್ತರ ಬಾರದಿದ್ದರೆ, ಆ 6 ತಿಂಗಳು ಮುಗಿದ ಮೇಲೆ 1 ವರ್ಷ. ಬರೀ ಮನವಿ ಮೇಲೆ ಮನವಿ ಕೊಡುತ್ತಾ ಹೋದರೆ ಗಡುವು ಬೆಳೆಯಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಬಂದವರಿಗಾಗಿ ಹಳೇ ಪಟ್ಟಿಯನ್ನು ಕದಲಿಸಲು ಕೋರ್ಟುಗಳು ಒಪ್ಪುವುದು ಅಪರೂಪ.

8. ನಿಮ್ಮ ಅರ್ಜಿಯಿಂದ ಯಾರ ಹಿರಿತನ ಕೆಳಗೆ ಹೋಗುತ್ತೋ ಅವರನ್ನೂ ಪ್ರತಿವಾದಿ ಮಾಡಬೇಕು. ಅವರ ಮಾತು ಕೇಳದೆ ಅವರ ವಿರುದ್ಧ ಆದೇಶ ಮಾಡಲು ಬರಲ್ಲ. ಈ ಒಂದು ಕಾರಣಕ್ಕೆ ಬಿದ್ದುಹೋದ ಅರ್ಜಿಗಳು ಬೇಕಾದಷ್ಟಿವೆ.

ಕೊನೆಗೆ

ಈಗಿನ ಸ್ಥಿತಿ ಇಷ್ಟು: 2018ರ ಕಾಯ್ದೆ ಜಾರಿಯಲ್ಲಿದೆ. ಬಡ್ತಿ ಮೀಸಲಾತಿಯಿಂದ ಮೇಲೆ ಬಂದ ಪರಿಶಿಷ್ಟ ನೌಕರರಿಗೆ ಆ ಹುದ್ದೆಯ ಹಿರಿತನವೂ ಸಿಗುತ್ತೆ. ಪ್ರಾತಿನಿಧ್ಯದ ಲೆಕ್ಕ ವೃಂದವಾರು ಇರಬೇಕು.

ಎರಡು ಸುತ್ತಿನಲ್ಲೂ ಫಲಿತಾಂಶ ತಿರುಗಿದ್ದು ಸರ್ಕಾರದ ಬಳಿ ಲೆಕ್ಕ ಇತ್ತೋ ಇಲ್ಲವೋ ಅನ್ನುವುದರ ಮೇಲೆ. 2006ರಲ್ಲೇ ಕೋರ್ಟ್ ಕೇಳಿದ್ದ ಅಂಕಿ ಅಂಶವನ್ನು ಆಗಲೇ ಸಂಗ್ರಹಿಸಿದ್ದರೆ 2017ರ ತೀರ್ಪಿನ ನಂತರದ ಹಿಂಬಡ್ತಿ, ಆಮೇಲಿನ ಮರುಬಡ್ತಿ, ಎರಡೂ ಕಡೆಯ ನೌಕರರ ಕೋರ್ಟ್ ಖರ್ಚು ಬಹುಪಾಲು ಉಳಿಯುತ್ತಿತ್ತು. ಅದಕ್ಕೆ 10 ವರ್ಷಕ್ಕೂ ಹೆಚ್ಚು ಸಮಯ ಇತ್ತು. ಬೇಕು ಅಂದಾಗ ವರದಿ ಸಿದ್ಧವಾದದ್ದು ಒಂದೂವರೆ ತಿಂಗಳಲ್ಲಿ.

ಸರ್ಕಾರದ ಲೆಕ್ಕ ನೌಕರರ ಕೈಯಲ್ಲಿಲ್ಲ. ತಮ್ಮ ಸೇವಾ ಪುಸ್ತಕ ಮತ್ತು ಕರಡು ಪಟ್ಟಿಯ ಮೇಲೆ ಕಣ್ಣಿಡುವುದು ಅವರ ಕೈಯಲ್ಲೇ ಇದೆ. ಮುಂದಿನ ಸುತ್ತೋಲೆ ಬಂದಾಗ ಬರೀ ಸಹಿ ಹಾಕಿ ಕಳಿಸಬೇಡಿ, ಒಂದು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.